ವಿರೂಪಮ್ಮ ನೋಡಿ ಹೇಳಿದ ಮೇಲೆ

ನಮ್ಮ ಗಾಂಧಿನಗರದ ಓಣಿಯಲ್ಲಿ ಕೂಸಿನ ವಿಷಯಕ್ಕೆ ಒಬ್ಬ ಡಾಕ್ಟರ ಮಾತು ಸಾಲದೆ ಹೋದರೆ ಜನ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ವಿರೂಪಮ್ಮ ಬರಲಿ, ನೋಡಿ ಹೇಳಲಿ ಅನ್ನುತ್ತಿದ್ದರು. ವಿರೂಪಮ್ಮ ಬರುತ್ತಿದ್ದಳು, ನೋಡುತ್ತಿದ್ದಳು, ಹೇಳುತ್ತಿದ್ದಳು. ಅಲ್ಲಿಗೆ ಮುಗಿಯಿತು. ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಎರಡು ತಾಸು ಕಾದು ಬರೆಸಿಕೊಂಡು ಬಂದ ಚೀಟಿಯನ್ನು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಔಷಧಿಯನ್ನಷ್ಟೇ ಕೊಟ್ಟ ಮನೆಗಳು ನನಗೆ ಗೊತ್ತು. ಅದರಲ್ಲಿ ನಮ್ಮ ಮನೆಯೂ ಒಂದು. ಅದಕ್ಕೇ ಇಷ್ಟು ಸಿಟ್ಟಿನಿಂದ ಬರೆಯುತ್ತಿದ್ದೇನೆ.

ವಿರೂಪಮ್ಮ ಎರೆಯುವವಳು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು ಅವಳ ಕೆಲಸ. ಹುಟ್ಟಿದೂರು ಕುರುಗೋಡು. ಅವಳ ಅವ್ವ ಅಲ್ಲಿ ಇದೇ ಕೆಲಸ ಮಾಡುತ್ತಿದ್ದಳು, ಮಗಳು ನೋಡಿ ನೋಡಿ ಕಲಿತಳು. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ, ಗಂಡ ರಾಮಪ್ಪ ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋದರೆ ಇವಳು ಮನೆಮನೆಗೆ ಎರೆಯಲು ಹೋದಳು. ಈಗ ವಯಸ್ಸು ಐವತ್ತೆಂಟೋ ಅರವತ್ತೋ. ಗಾಂಧಿನಗರ, ಪಾರ್ವತಿನಗರ ಸೇರಿ ಮುನ್ನೂರಕ್ಕೂ ಹೆಚ್ಚು ಕೂಸುಗಳು ಅವಳ ಕಾಲ ಮೇಲೆ ಮಲಗಿ ಎದ್ದಿವೆ. ನನ್ನ ಇಬ್ಬರು ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ.

ಅವಳು ಎರೆಯುವುದನ್ನು ನೋಡಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಳಕಾಲಿಗೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ಚಾಚಿ, ಅದರ ಮೇಲೆ ಕೂಸನ್ನು ಬೋರಲು ಮಲಗಿಸಿಕೊಳ್ಳುತ್ತಾಳೆ. ತಂಬಿಗೆಯ ನೀರನ್ನು ಮೊದಲು ತನ್ನ ಕಾಲಿಗೆ ಸುರಿದುಕೊಂಡು ಬಿಸಿ ನೋಡುತ್ತಾಳೆ. ಬೆನ್ನು, ತೊಡೆ, ಅಂಗಾಲು ಎಲ್ಲ ತಿಕ್ಕಿ, ತಿರುಗಿಸಿ ಮಲಗಿಸಿ ಮೂಗು ನೀವಿ, ತಲೆಗೆ ನೀರು ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಲೋಬಾನದ ಹೊಗೆ ತೋರಿಸಿ ತೊಟ್ಟಿಲಿಗೆ ಹಾಕಿದಳೆಂದರೆ ಕೂಸು ಮೂರು ತಾಸು ಅಲುಗುವುದಿಲ್ಲ. ಎಂಥ ಹಟದ ಕೂಸೂ ಅವಳ ಕೈಯಲ್ಲಿ ಸುಮ್ಮನಾಗುತ್ತದೆ. ಈ ಮಾತನ್ನು ನಾನು ಇವತ್ತಿಗೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಎರೆಯುವುದರಲ್ಲಿ ಅವಳ ಸಮ ಇನ್ನೊಬ್ಬರಿಲ್ಲ.

"ನನ್ನ ಕಾಲ ಮ್ಯಾಲೆ ಮಕ್ಕಂಡ ಕೂಸು ಏನೂ ಮುಚ್ಚಿಡಾಕ ಆಗಂಗಿಲ್ರಿ," ಅನ್ನುತ್ತಿದ್ದಳು. ಅದು ಬರೀ ಜಂಬ ಅಲ್ಲ. ಒಂದು ಸಲ ಪಾರ್ವತಿನಗರದ ಮನೆಯೊಂದರಲ್ಲಿ ಕೂಸಿನ ನೆತ್ತಿ ಮುಟ್ಟಿ ನೋಡಿ, ಉಬ್ಬಿದೆ, ಇವತ್ತು ಎರೆಯುವುದಿಲ್ಲ, ಈಗಲೇ ದವಾಖಾನೆಗೆ ಒಯ್ಯಿರಿ ಅಂದು ಎದ್ದುಬಿಟ್ಟಳು. ಒಯ್ದರು. ಮಿದುಳಿಗೆ ಜ್ವರ ಏರಿತ್ತು, ಕೂಸು ಉಳಿಯಿತು. ಇನ್ನೊಂದು ಮನೆಯಲ್ಲಿ ಕೂಸಿನ ಎಡತೊಡೆ ಬಲತೊಡೆಯಷ್ಟು ಅಗಲ ತೆರೆಯುವುದಿಲ್ಲ ಎಂದಳು. ಅದೂ ನಿಜವಾಯಿತು, ಪಟ್ಟಿ ಹಾಕಿ ಸರಿಮಾಡಿದರು. ಅವಳ ಕೈ ಎರಡು ಸಲ ಖರೆ ಹೇಳಿತು, ನಾವು ಅದನ್ನು ಇನ್ನೂರು ಕಡೆ ಹೇಳಿಕೊಂಡು ಬಂದೆವು. ಆಮೇಲೆ ಕೇಳಬಾರದ್ದನ್ನೆಲ್ಲ ಕೇಳತೊಡಗಿದೆವು. ಬಣ್ಣ ತಿರುಗುತ್ತದೋ ಇಲ್ಲವೋ, ಲಸಿಕೆಯ ಜ್ವರಕ್ಕೆ ಮಾತ್ರೆ ಕೊಡಬೇಕೋ ಬೇಡವೋ, ಕೂಸು ಜಾಣ ಆಗುತ್ತದೋ ದಡ್ಡ ಆಗುತ್ತದೋ, ಎಲ್ಲ. ಕೇಳಿದ್ದಕ್ಕೆಲ್ಲ ಅವಳು ಹೇಳಿದಳು. ಕೇಳಿದವರಿಗೂ ಹೇಳಿದವಳಿಗೂ ಅದು ಹಿತವಾಗಿತ್ತು.

ನಾನು ದಾಕ್ಷಾಯಣಿ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನನ್ನ ತವರೂ ಗಂಡನ ಮನೆಯೂ ಎರಡೂ ಗಾಂಧಿನಗರವೇ, ನಡುವೆ ಎರಡು ಓಣಿ. ನನ್ನ ತಂಗಿ ಜ್ಯೋತಿಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಅವಳ ಗಂಡ ಸಿದ್ದಲಿಂಗೇಶ ಅಲ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಮಶೀನುಗಳನ್ನು ನೋಡಿಕೊಳ್ಳುತ್ತಾನೆ. ಮನೆ ಮಿಲ್ಲಿನ ಬೆನ್ನಿಗೇ ಇದೆ. ಹಂಗಾಮಿನಲ್ಲಿ ಅಲ್ಲಿ ಮಾತಾಡಬೇಕಾದರೆ ಗಂಟಲು ಹರಿದುಕೊಳ್ಳಬೇಕು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಜ್ಯೋತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸಾಯಿತು. ಶರಣ ಎಂದು ಹೆಸರಿಟ್ಟೆವು. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಚೀಟಿಯನ್ನು ಓದಿ ಹೇಳಿದವಳು ನಾನೇ. ಲಸಿಕೆಯ ತಾರೀಖುಗಳ ಕೆಳಗೆ ಒಂದು ಸಾಲಿತ್ತು, ತಿಂಗಳೊಳಗೆ ಕೂಸಿಗೆ ಕಿವಿಯ ಪರೀಕ್ಷೆ ಮಾಡಿಸಿರಿ ಎಂದು. ಅವ್ವ, ಅಂದರೆ ನಮ್ಮ ತಾಯಿ ಗುರುಬಸಮ್ಮ, ಬಚ್ಚಲ ಬಾಗಿಲಲ್ಲಿ ನಿಂತು ವಿರೂಪಮ್ಮನಿಗೆ ಅದನ್ನು ಹೇಳಿದರು.

ವಿರೂಪಮ್ಮ ನಕ್ಕಳು. "ತಿಂಗಳ ಕೂಸಿಗೆ ಕಿವಿ ಪರೀಕ್ಷೆ ಏನ್ರಿ ಅಮ್ಮಾರ? ಅದೇನು ಬಾಯಿ ಬಿಟ್ಟು ಹೇಳತೈತಾ, ನನಗ ಕೇಳಿಸ್ತು ಅಂತ? ಎರಡು ಹನಿ ಎಣ್ಣಿ ಬಿಟ್ಟು ಊದತೀನಿ, ಸಾಕು."

ನಾವೂ ನಕ್ಕೆವು. ಹರಳೆಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿ ಆರಿಸಿ, ಎರೆದಾದ ಮೇಲೆ ಕಿವಿಗೆ ಎರಡೆರಡು ಹನಿ ಬಿಟ್ಟು ಊದುವುದು ಅವಳ ಅವ್ವನ ಕಾಲದಿಂದ ಬಂದ ಪದ್ಧತಿ. ನನ್ನ ಮಕ್ಕಳಿಗೂ ಹಾಗೇ ಮಾಡಿದ್ದಳು, ಅವರಿಗೆ ಏನೂ ಆಗಿರಲಿಲ್ಲ. ಚೀಟಿ ದೇವರ ಕೋಣೆಯ ಗೂಡಿನಲ್ಲಿ ಉಳಿಯಿತು.

ಎರಡನೇ ತಿಂಗಳಿರಬೇಕು, ಎರೆಯುತ್ತಿದ್ದಾಗ ಅವ್ವನ ಕೈಯಿಂದ ಹಂಡೆಯ ಮುಚ್ಚಳ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ತಾಮ್ರದ ಮುಚ್ಚಳ. ಒಳಗೆ ಮಲಗಿದ್ದ ಜ್ಯೋತಿ ಗಾಬರಿಯಾಗಿ ಎದ್ದು ಬಂದಳು. ಶರಣ ಮಾತ್ರ ವಿರೂಪಮ್ಮನ ಕಾಲ ಮೇಲೆ ಅಂಗಾತ ಮಲಗಿ ಜಂತೆ ನೋಡುತ್ತಿದ್ದ.

"ನೋಡ್ರಿ, ಎಂಥಾ ಗಟ್ಟಿ ಗುಂಡಿಗಿ," ಅಂದಳು ವಿರೂಪಮ್ಮ. "ಮುನ್ನೂರು ಕೂಸು ಎರದೀನಿ, ಹಿಂಗ ಅದರಲಾರದ ಕೂಸು ಇದೊಂದ."

ಅವ್ವ ಅದನ್ನು ಓಣಿಗೆಲ್ಲ ಹೇಳಿ ಬಂದು, ಹೇಳಿದ ತಪ್ಪಿಗೆ ಸಂಜೆ ಕೂಸಿಗೆ ದೃಷ್ಟಿ ತೆಗೆದರು. ಐದು ತಿಂಗಳು ತುಂಬಿದ ಮೇಲೆ ತಾಯಿ ಮಗುವನ್ನು ಸಿರುಗುಪ್ಪಕ್ಕೆ ಕಳಿಸಿಕೊಟ್ಟೆವು.

ಶರಣನಿಗೆ ವರ್ಷ ತುಂಬಿದ ಮೇಲೆ ಜ್ಯೋತಿಯ ಫೋನುಗಳು ಶುರುವಾದವು. "ಅಕ್ಕ, ಹಿಂದಿನಿಂದ ಕರದ್ರ ತಿರುಗಂಗಿಲ್ಲ. ಎದುರಿಗಿದ್ರ ನಗತಾನ. ಬಾಗಿಲು ಬಡದ್ರ ನೋಡಂಗಿಲ್ಲ." ಮನೆಯಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಸಿದ್ದಲಿಂಗೇಶನೂ ಮೂರು ವರ್ಷದ ತನಕ ಮಾತಾಡಿರಲಿಲ್ಲ ಎಂದು ಅವಳ ಅತ್ತೆ ಹೇಳಿದರು. ಗಂಡುಹುಡುಗರಿಗೆ ಮಾತು ತಡ ಎಂದು ಎಲ್ಲರೂ ಹೇಳಿದರು. ಮಿಲ್ಲಿನ ಸದ್ದಿನಲ್ಲಿ ಹುಡುಗನ ಕಿವಿ ಒಗ್ಗಿಹೋಗಿದೆ ಎಂದು ಸಿದ್ದಲಿಂಗೇಶ ಹೇಳಿದ. ಅವನ ಕಿವಿಯೂ ಒಗ್ಗಿಹೋಗಿತ್ತಲ್ಲ, ಅದಕ್ಕೆ. ಜ್ಯೋತಿ ಯಾರ ಮಾತನ್ನೂ ಕೇಳದೆ ಬಳ್ಳಾರಿಯ ಒಬ್ಬ ಕಿವಿ ಡಾಕ್ಟರಲ್ಲಿ ಹೆಸರು ಬರೆಸಿದಳು. ಆಗ ಅವ್ವ ನಡುವೆ ಬಂದರು.

"ಸಣ್ಣ ಕೂಸಿನ ತಲಿಗೆ ವೈರು ಹಚ್ಚತಾರಂತ. ಮೊದಲ ವಿರೂಪಮ್ಮ ನೋಡಲಿ. ಆಕಿ ಕೈಯಾಗ ಬೆಳದ ಕೂಸು, ಆಕಿಗೆ ಗೊತ್ತಾಗಲಾರದೇನು?"

ಒಂದು ಭಾನುವಾರ ನಾನೇ ವಿರೂಪಮ್ಮನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಸಿರುಗುಪ್ಪಕ್ಕೆ ಹೋದೆ. ಬಸ್ಸಿನಿಂದಿಳಿದು ಬಿಸಿಲಲ್ಲಿ ನಡೆದು ಹೋದರೂ ಅವಳ ಮುಖದಲ್ಲಿ ದಣಿವಿರಲಿಲ್ಲ. ಇಷ್ಟು ದೂರದಿಂದ ಕರೆಸಿಕೊಂಡಿದ್ದಾರೆ ಎಂಬ ಸಂತೋಷವಿತ್ತು.

ಶರಣ ಹಲಗೆಯ ಮಂಚದ ಮೇಲೆ ನಮಗೆ ಬೆನ್ನು ಹಾಕಿ ಕೂತು ಚಮಚದೊಂದಿಗೆ ಆಡುತ್ತಿದ್ದ. ವಿರೂಪಮ್ಮ ಒಂದು ಸ್ಟೀಲ್ ತಾಟು, ಒಂದು ಸೌಟು ಕೇಳಿ ತೆಗೆದುಕೊಂಡಳು. ಸದ್ದಿಲ್ಲದೆ ಹಿಂದೆ ಹೋಗಿ, ತಾಟನ್ನು ಎತ್ತಿ ಹಿಡಿದು ಬಾರಿಸಿದಳು. ಶರಣ ತಿರುಗಲಿಲ್ಲ. ಆಮೇಲೆ ವಿರೂಪಮ್ಮ ತಾಟನ್ನು ಮಂಚದ ಅಂಚಿಗೆ ಒತ್ತಿ ಹಿಡಿದು ಇನ್ನೂ ಜೋರಾಗಿ ಹೊಡೆದಳು. ಶರಣ ಗಕ್ಕನೆ ತಿರುಗಿ ನೋಡಿದ. ಇನ್ನೊಮ್ಮೆ ಹೊಡೆದಳು. ಇನ್ನೊಮ್ಮೆ ತಿರುಗಿದ, ನಕ್ಕ.

"ಕೇಳತೈತಿ," ಅಂದಳು ವಿರೂಪಮ್ಮ.

ಎಲ್ಲರ ಮುಖ ಸಡಿಲವಾಯಿತು. ಅತ್ತೆ ಒಳಗೆ ಹೋಗಿ ಚಹಾಕ್ಕಿಟ್ಟರು. ಜ್ಯೋತಿ ಒಬ್ಬಳೇ ಅಲ್ಲಿಂದ ಏಳಲಿಲ್ಲ.

"ಮೊದಲ ಸಲ ಹೊಡದಾಗ ಯಾಕ ತಿರುಗಲಿಲ್ಲ ವಿರೂಪಮ್ಮ?"

"ಮಿಲ್ಲಿನ ಸಪ್ಪಳದಾಗ ಬೆಳದ ಕೂಸವ್ವ ಇದು. ಸಣ್ಣಪುಟ್ಟ ಸಪ್ಪಳಕ್ಕೆಲ್ಲ ತಿರುಗಿದ್ರ ಇದರ ಕುತಗಿ ನೋಯಂಗಿಲ್ಲೇನು?"

ಜ್ಯೋತಿ ನನ್ನ ಕಡೆ ನೋಡಿದಳು. "ಅಕ್ಕ, ನೀ ಏನಂತಿ?"

"ವಿರೂಪಮ್ಮ ನೋಡ್ಯಾಳಲ್ಲ," ಅಂದೆ ನಾನು.

ಹದಿನಾರು ವರ್ಷದಿಂದ ಮಕ್ಕಳಿಗೆ ಶಬ್ದದ ಪಾಠ ಮಾಡುತ್ತಿದ್ದೇನೆ. ಮೇಜಿನ ಒಂದು ತುದಿಗೆ ಕಿವಿ ಹಚ್ಚಿಸಿ ಇನ್ನೊಂದು ತುದಿಯಲ್ಲಿ ಗಡಿಯಾರ ಇಟ್ಟು, ಗಾಳಿಗಿಂತ ಕಟ್ಟಿಗೆಯಲ್ಲಿ ಸದ್ದು ಚೆನ್ನಾಗಿ ಹರಿಯುತ್ತದೆ, ಕೈಯಿಟ್ಟರೆ ಅದರ ನಡುಕವೂ ತಿಳಿಯುತ್ತದೆ ಎಂದು ತೋರಿಸುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ. ಆ ದಿನ ಹಲಗೆಯ ಮಂಚಕ್ಕೆ ಹೊಡೆದ ಹೊಡೆತ ಹುಡುಗನ ಕುಂಡಿಗೆ ತಾಗಿ ತಿರುಗಿದ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯುವುದು ನನಗೆ ಬೇಡವಾಗಿತ್ತು. ಚಹಾ ಕುಡಿದು ಬಸ್ಸು ಹತ್ತಿದೆವು. ಡಾಕ್ಟರಲ್ಲಿ ಬರೆಸಿದ್ದ ಹೆಸರನ್ನು ಸಿದ್ದಲಿಂಗೇಶ ಫೋನು ಮಾಡಿ ತೆಗೆಸಿದ.

ಆಮೇಲೆ ಜ್ಯೋತಿಯ ಫೋನು ಕಡಿಮೆಯಾಯಿತು. ಮಾಡಿದರೂ ಶರಣನ ಮಾತು ಎತ್ತುತ್ತಿರಲಿಲ್ಲ. ನಾವು ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡೆವು.

ಹತ್ತು ತಿಂಗಳು ಕಳೆದವು. ಶಾಲೆಯ ಪರೀಕ್ಷೆಗಳು ನಡೆಯುತ್ತಿದ್ದ ಒಂದು ಮಧ್ಯಾಹ್ನ ಜವಾನ ಬಂದು, ಯಾರೋ ಹೆಣ್ಣುಮಗಳು ಗೇಟಿನಲ್ಲಿ ನಿಮ್ಮನ್ನು ಕೇಳುತ್ತಿದ್ದಾಳೆ ಎಂದ. ಹೋಗಿ ನೋಡಿದರೆ ವಿರೂಪಮ್ಮ. ಎರೆಯುವ ಮನೆಯಿಂದ ನೇರ ಬಂದಿದ್ದಳು. ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಕೂತುಕೋ ಅಂದರೆ ಕೂರಲಿಲ್ಲ.

"ಟೀಚರಮ್ಮ, ಒಂದು ಕೇಳತೀನಿ. ಕಿವಿ ಕೇಳಲಾರದವರಿಗೆ ಸಪ್ಪಳ ಗೊತ್ತಾಗತೈತೇನ್ರಿ? ಮೈಗೆ?"

ಏನಾಯಿತು ಎಂದು ಕೇಳಿದೆ. ಪಾರ್ವತಿನಗರದ ಒಂದು ಮನೆಯಲ್ಲಿ ಇಪ್ಪತ್ತು ದಿನದ ಹೆಣ್ಣುಕೂಸಿಗೆ ಎರೆಯುತ್ತಿದ್ದಳಂತೆ. ತಂಬಿಗೆ ಕೈಜಾರಿ ಕಲ್ಲಿನ ಮೇಲೆ ಬಿದ್ದಿತಂತೆ. ಕೂಸು ಎರಡೂ ಕೈ ಚಾಚಿ ಅವಳ ಕಾಲ ಮೇಲೆ ಮೈಯೆಲ್ಲ ಅದುರಿ ಅಳತೊಡಗಿತಂತೆ. ಅದೇನು ಹೊಸದಲ್ಲ, ಎಲ್ಲ ಕೂಸುಗಳೂ ಅದುರುತ್ತವೆ.

"ಎಲ್ಲಾ ಅದರತಾವ ಟೀಚರಮ್ಮ. ಮುನ್ನೂರಕ್ಕ ಮುನ್ನೂರು. ನನ್ನ ಕಾಲಿಗೆ ಗೊತ್ತೈತಿ. ಶರಣಪ್ಪ ಒಬ್ಬ ಅದರಲಿಲ್ಲ. ಒಂದು ದಿನಾನೂ ಅದರಲಿಲ್ಲ. ಅದನ್ನ ನಾನು ಗುಂಡಿಗಿ ಗಟ್ಟಿ ಅಂದ್ನಲ್ರಿ."

ತಾಟು ಮಂಚಕ್ಕೆ ಹಚ್ಚಿ ಹೊಡೆದದ್ದು ಈಗ ನೆನಪಾಯಿತು, ಹೊಡೆತಕ್ಕೆ ಮಂಚದ ಮೇಲಿನ ಚಮಚ ಕುಣಿದದ್ದೂ ನೆನಪಾಯಿತು. ಹೌದು, ಮೈಗೆ ಗೊತ್ತಾಗುತ್ತದೆ, ಕಟ್ಟಿಗೆ ನಡುಗಿದರೆ ಗೊತ್ತಾಗುತ್ತದೆ, ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಹಾಗಾದರೆ ಆವತ್ತು ಯಾಕೆ ಹೇಳಲಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಫೋನಿನಲ್ಲಿ ಹೇಳೋಣ ಎಂದು ನಾನು ಮೊಬೈಲು ತೆಗೆದರೆ ಅವಳು ಕೈ ಅಡ್ಡ ಹಿಡಿದಳು. "ಬ್ಯಾಡ್ರಿ. ಕೇಳತೈತಿ ಅಂತ ಅವರ ಮನಿಯಾಗ ನಿಂತು ಹೇಳೀನಿ. ಇದನ್ನೂ ಅಲ್ಲೇ ನಿಂತು ಹೇಳಬೇಕು."

ಮರುದಿನ ರಜೆ ಹಾಕಿ ಅವಳ ಜೊತೆ ಹೊರಟೆ. ದಾರಿಯುದ್ದ ಕಾಲುವೆ, ಗದ್ದೆ, ಮಿಲ್ಲಿನ ಹೊಗೆಕೊಳವೆ. ವಿರೂಪಮ್ಮ ಕಿಟಕಿಯ ಹೊರಗೆ ನೋಡಲೇ ಇಲ್ಲ. ಒಂದೇ ಮಾತು ಆಡಿದಳು. "ನನ್ನ ಎಣ್ಣಿಯಿಂದ ಆಗಿರಬಹುದೇನ್ರಿ?" ನಾನು ಇಲ್ಲ ಎನ್ನಲು ಬಾಯಿ ತೆರೆದು ಮುಚ್ಚಿದೆ. ನನಗೆಲ್ಲಿ ಗೊತ್ತಿತ್ತು?

ಸಿರುಗುಪ್ಪದ ಮನೆಯಲ್ಲಿ ಅವಳು ಹೊಸ್ತಿಲ ಒಳಗೆ ಬಂದವಳು ಚಾಪೆಯ ಮೇಲೂ ಕೂರಲಿಲ್ಲ. ಶರಣ ಬಾಗಿಲ ಪಕ್ಕದ ನೆಲದ ಮೇಲೆ ಆಡುತ್ತಿದ್ದ. ಎತ್ತರವಾಗಿದ್ದ. ವಿರೂಪಮ್ಮ ಅವನ ಹಿಂದೆ ಹೋಗಿ, ನೆಲ ತಟ್ಟದೆ, ಹೆಜ್ಜೆ ಸಪ್ಪಳ ಮಾಡದೆ, ಶರಣಾ ಎಂದು ಕೂಗಿದಳು. ಎರಡು ಸಲ ಕೂಗಿದಳು. ಮೂರನೇ ಸಲಕ್ಕೆ ಅವಳ ದನಿ ಒಡೆಯಿತು. ಹುಡುಗ ತನ್ನ ಆಟದಲ್ಲಿದ್ದ.

"ಇವನಿಗೆ ಕೇಳಂಗಿಲ್ಲ ಅನ್ನಿಸತೈತವ್ವ," ಅಂದಳು ಜ್ಯೋತಿಗೆ. "ಆವತ್ತು ಕೇಳತೈತಿ ಅಂದಿದ್ದು ಸುಳ್ಳು. ನನಗ ಕಿವಿ ವಿಷಯ ಗೊತ್ತಿಲ್ಲ. ಗೊತ್ತಿಲ್ಲ ಅಂತನೂ ಗೊತ್ತಿರಲಿಲ್ಲ. ಡಾಕ್ಟರಿಗೆ ತೋರಿಸ್ರಿ, ನಾಳೇನ ತೋರಿಸ್ರಿ."

ಅತ್ತೆ ಸಿಡಿದರು. "ಆವತ್ತು ತಾಟು ಬಾರಿಸಿ ಹೇಳಿದಾಕಿ ನೀನ, ಇವತ್ತು ಬಂದು ಹಿಂಗ ಅನ್ನಾಕಿನೂ ನೀನ. ಮಕ್ಕಳಾಟ ಅಂದ್ಕೊಂಡಿಯೇನು?"

ಜ್ಯೋತಿ ಕೂಗಾಡಲಿಲ್ಲ. ಅವಳು ಆಡಿದ ಮಾತು ಕೂಗಾಟಕ್ಕಿಂತ ಕೆಟ್ಟದಾಗಿತ್ತು. "ಹತ್ತು ತಿಂಗಳಾತು ವಿರೂಪಮ್ಮ. ದಿನಾ ಅವನ ಹಿಂದ ನಿಂತು ಕರದು ನೋಡತಿದ್ದೆ. ತಿರುಗಂಗಿಲ್ಲ ಅಂದ್ರ ಎಲ್ಲಾರೂ ನನಗ ಹುಚ್ಚು ಅಂತಿದ್ರು. ವಿರೂಪಮ್ಮ ಹೇಳ್ಯಾಳಲ್ಲ, ಮತ್ತೇನು, ಅಂತಿದ್ರು. ಕಡೀಕ ನನಗೂ ಹಂಗ ಅನ್ನಿಸಾಕ ಹತ್ತಿತ್ತು, ನನಗ ಹುಚ್ಚು ಅಂತ." ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಇದ್ದಿ ಅಕ್ಕ."

ಇದ್ದೆ.

ಅದೇ ವಾರ ಬಳ್ಳಾರಿಯಲ್ಲಿ ಪರೀಕ್ಷೆಯಾಯಿತು. ಹುಡುಗನಿಗೆ ನಿದ್ದೆಯ ಔಷಧಿ ಕೊಟ್ಟು ತಲೆಗೆ ವೈರು ಹಚ್ಚಿದರು. ಅವ್ವ ಯಾವುದಕ್ಕೆ ಅಷ್ಟು ಹೆದರಿದ್ದರೋ ಅದು ಮುಕ್ಕಾಲು ತಾಸಿನಲ್ಲಿ ಮುಗಿಯಿತು, ನೋವಿಲ್ಲ ಏನಿಲ್ಲ. ಡಾಕ್ಟರಮ್ಮ ಕಾಗದ ನೋಡಿ ಎರಡೂ ಕಿವಿ ಹುಟ್ಟಿನಿಂದಲೇ ಕೇಳುವುದಿಲ್ಲ ಎಂದರು. ಒಳಗೆ ಯಂತ್ರ ಕೂರಿಸುವ ಆಪರೇಶನ್ ಇದೆ, ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು ಎಂದರು. "ಒಂದು ವರ್ಷ ಮೊದಲೇ ಬಂದಿದ್ದರೆ ಹೆಚ್ಚು ಅನುಕೂಲ ಆಗ್ತಿತ್ತು. ಈಗಲೂ ಮಾಡಬಹುದು. ಆದರೆ ಎಷ್ಟು ಮಾತು ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ." ಅವರಿಗೆ ಹೇಳಲು ಸಂಕಟವಾಗುತ್ತಿತ್ತು, ಆದರೂ ಹೇಳಿದರು. ನಾನು ಎಣ್ಣೆಯ ಮಾತು ಕೇಳಿದೆ. ಇದಕ್ಕೆ ಎಣ್ಣೆ ಕಾರಣವಲ್ಲ, ಆದರೆ ಯಾವ ಕೂಸಿನ ಕಿವಿಗೂ ಎಣ್ಣೆ ಹಾಕಬೇಡಿರಿ ಎಂದರು.

ವಿರೂಪಮ್ಮ ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದಳು. ಒಳಗೆ ಬರಬೇಡ ಎಂದು ಜ್ಯೋತಿ ಹೇಳಿದ್ದಳು, ಮನೆಗೆ ಹೋಗಲು ಅವಳಿಗೆ ಆಗಿರಲಿಲ್ಲ. ಎಣ್ಣೆಯಿಂದಲ್ಲ ವಿರೂಪಮ್ಮ, ಹುಟ್ಟಿನಿಂದಲೇ, ಎಂದೆ. ಸಮಾಧಾನವಾದೀತು ಎಂದುಕೊಂಡಿದ್ದೆ.

ಅವಳು ಹೇಳಿದಳು, "ಎಣ್ಣಿ ತಪ್ಪಲ್ಲ ಅಂದ್ರ ನನ್ನ ಮಾತಿನ ತಪ್ಪು. ಎಣ್ಣಿ ಆಗಿದ್ರ ನಮ್ಮವ್ವ ಕಲಿಸಿದ್ದು ಅಂತಿದ್ದೆ. ಮಾತು ನನ್ನದ."

ಅಂದಿನಿಂದ ಅವಳು ಬದಲಾದಳು. ಬದಲಾದಳು ಎಂದರೆ ದೊಡ್ಡ ಜ್ಞಾನ ಬಂದು ತಣ್ಣಗಾದಳು ಎಂದಲ್ಲ, ಕಂಗೆಟ್ಟಳು. ಎಣ್ಣೆಯ ಬಟ್ಟಲು ಕಿವಿಯ ಹತ್ತಿರ ಒಯ್ಯುವುದನ್ನು ಬಿಟ್ಟಳು. ಅದು ಸರಿಯೇ. ಆದರೆ ಬೆನ್ನು ತಿಕ್ಕುವಾಗಲೂ ಕೈ ಅಂಜುತ್ತದೆ ಎಂದಳು. ತಾನು ಎರೆದ ಕೂಸುಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತ, ಇನ್ಯಾವುದಾದರೂ ಅದುರದ ಕೂಸು ಇತ್ತೇ ಎಂದು ಹುಡುಕತೊಡಗಿದಳು. ಕುರುಗೋಡಿನ ಯರ್ರಿಸ್ವಾಮಿ ಎಂಬ ಸಂಬಂಧಿಕನ ಮಗಳು ಹುಟ್ಟಿದಾಗ ಅಳದೆ ಬಹಳ ಗುಪ್ಪಾಗಿ ಮಲಗಿರುತ್ತಿದ್ದದ್ದು ನೆನಪಾಗಿ, ಒಂದು ದಿನ ಬಸ್ಸು ಹತ್ತಿ ಕುರುಗೋಡಿಗೇ ಹೋಗಿ ಬಂದಳು. ಹುಡುಗಿಗೆ ಈಗ ಹನ್ನೆರಡು ವರ್ಷ, ಶಾಲೆಯಲ್ಲಿ ಮಾತು ಜಾಸ್ತಿ ಎಂದು ಬೈಸಿಕೊಳ್ಳುತ್ತಾಳಂತೆ. ಬಂದು ಹೇಳಿದಾಗ ನಾನು ನಕ್ಕೆ. ಅವಳು ನಗಲಿಲ್ಲ. "ಆಕಿ ಪಾರಾದಳು. ಅದು ನನ್ನ ಜಾಣತನ ಅಲ್ಲಲ್ಲ," ಅಂದಳು.

ಮನೆಗಳೂ ಬಿಟ್ಟುಹೋದವು. ಈಗ ಹೊಸ ಮನೆಗೆ ಹೋದ ಮೊದಲ ದಿನವೇ, ನನಗೆ ಎರೆಯಲು ಬರುತ್ತದೆ, ಅಷ್ಟೇ ಬರುತ್ತದೆ, ಕಣ್ಣು ಕಿವಿ ಡಾಕ್ಟರಿಗೆ ತೋರಿಸಿರಿ ಎಂದು ಹೇಳಿಬಿಡುತ್ತಾಳೆ. ಪಾರ್ವತಿನಗರದ ಸುನಂದಾ ಎಂಬವರು ಮೊಮ್ಮಗುವಿನ ಕಣ್ಣು ಸ್ವಲ್ಪ ಓರೆ ಕಾಣುತ್ತದೆ, ತಾನೇ ಸರಿಹೋಗುತ್ತದಲ್ಲ ಎಂದು ಕೇಳಿದರಂತೆ. ತಿಳಿಯಂಗಿಲ್ರಿ, ತೋರಿಸ್ರಿ ಎಂದಳಂತೆ. ಮರುವಾರ ಆ ಮನೆಗೆ ಬೇರೊಬ್ಬಳು ಬಂದಳು, ಎಲ್ಲ ಸರಿಹೋಗುತ್ತದೆ ಎಂದು ಹೇಳುವವಳು. ವಿರೂಪಮ್ಮನ ಕೈ ಹೋಯಿತು, ವಯಸ್ಸಾಯಿತು ಎಂದು ಓಣಿಯಲ್ಲಿ ಮಾತಾಯಿತು. ನನಗೆ ಮೈ ಉರಿಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತು ಎಂದಾಗ ಸೀರೆ ಉಡಿಸಿದ ಜನ ಇವರೇ. ಹಾಗೆಂದು ಅವರನ್ನು ಬೈಯಲು ನಾನ್ಯಾರು? ನಮ್ಮ ಅವ್ವ ಕೂಡ ಒಂದು ದಿನ, "ಆಕಿ ಮೊದಲಿನಂಗ ಧೈರ್ಯ ಹೇಳಿದ್ರ ಛಲೋ ಇತ್ತು," ಅಂದರು. ಇಷ್ಟೆಲ್ಲ ಆದ ಮೇಲೆ.

ಶರಣನ ಆಪರೇಶನ್ನಿಗೆ ದಿನ ಗೊತ್ತಾದದ್ದು ಹೋದ ತಿಂಗಳು. ಆಸ್ಪತ್ರೆಗೆ ಸೇರಿಸುವ ದಿನ ಬೆಳಿಗ್ಗೆ ಜ್ಯೋತಿ ಫೋನು ಮಾಡಿ, ಬರುವಾಗ ವಿರೂಪಮ್ಮನನ್ನು ಕರೆದುಕೊಂಡು ಬಾ ಎಂದಳು. ಆ ಹೆಸರನ್ನು ಅವಳು ಅಷ್ಟು ತಿಂಗಳು ಬಾಯಿಗೆ ತಂದಿರಲಿಲ್ಲ. ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ವಿರೂಪಮ್ಮನೂ ಕೇಳಲಿಲ್ಲ, ಸೀರೆ ಬದಲಿಸಿ ಬಂದಳು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಜ್ಯೋತಿ ಕೂತಿದ್ದಳು. ಶರಣನ ತಲೆಯ ಒಂದು ಬದಿ ಬೋಳಿಸಿದ್ದರು. ಅವನು ತಾಯಿಯ ತೊಡೆಯ ಮೇಲೆ ಕೂತು ಅವಳ ಬಳೆಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಸರಿಸುತ್ತಿದ್ದ. ಎಲ್ಲರೂ ಧೈರ್ಯ ಹೇಳುತ್ತಿದ್ದರು. ಬಸವಣ್ಣ ಕಾಯುತ್ತಾನೆ ಎಂದು ಅವ್ವ ಹೇಳಿದರು. ಆರು ತಿಂಗಳಲ್ಲಿ ಪಟಪಟ ಮಾತಾಡುತ್ತಾನೆ ನೋಡು ಎಂದು ಸಿದ್ದಲಿಂಗೇಶ ಹೇಳಿದ. ಈಗ ವಿಜ್ಞಾನ ಬಹಳ ಮುಂದುವರಿದಿದೆ ಎಂದು ನಾನು ಹೇಳಿದೆ. ಜ್ಯೋತಿ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಕಿವಿಗೊಟ್ಟಂತೆ ಕಾಣಲಿಲ್ಲ.

ವಿರೂಪಮ್ಮ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಜ್ಯೋತಿ ಅವಳನ್ನು ಹತ್ತಿರ ಕರೆದಳು.

"ವಿರೂಪಮ್ಮ, ನೀ ಹೇಳು. ಇವನು ನನಗ ಅವ್ವಾ ಅಂತಾನೇನು?"

ಅವ್ವ ಮೆಲ್ಲಗೆ ವಿರೂಪಮ್ಮನ ಮೊಳಕೈ ತಿವಿದರು. "ಅಂತಾನ ಅನ್ನು. ಒಳಗ ಹೋಗೋ ಹೊತ್ತಿನಾಗ ಒಳ್ಳೆ ಮಾತಾಡು."

ವಿರೂಪಮ್ಮ ಶರಣನನ್ನು ನೋಡಿದಳು. ಅವಳ ತುಟಿ ಎರಡು ಸಲ ಅಲುಗಿತು. ಒಂದು ಹೂಂ ಸಾಕಿತ್ತು, ಅಲ್ಲಿದ್ದ ನಾವೆಲ್ಲರೂ ಅದಕ್ಕಾಗಿ ಕಾದಿದ್ದೆವು. ಈಗಲೂ ಅವಳು ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆನೇನೋ.

"ನನಗ ಗೊತ್ತಿಲ್ಲವ್ವ," ಅಂದಳು.

ಅವ್ವ ಮುಖ ತಿರುಗಿಸಿದರು. ಜ್ಯೋತಿ ಅವಳನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ನೀರು ಬಂದದ್ದು ಆಗ. ಅಲ್ಲಿಯತನಕ ಅತ್ತಿರಲಿಲ್ಲ.

"ಆವತ್ತು ಮಂಚದ ಹತ್ರ ನಿಂತು ಇದೊಂದ ಮಾತು ಅಂದಿದ್ರ ಸಾಕಿತ್ತು ವಿರೂಪಮ್ಮ."

"ಹೂಂ ಯವ್ವ. ಸಾಕಿತ್ತು."

ನರ್ಸ್ ಬಾಗಿಲಿಗೆ ಬಂದು ಹೆಸರು ಕರೆದಳು. ಜ್ಯೋತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಬಾಗಿಲ ತನಕ ಹೋದವಳು ನಿಂತು, ನಮ್ಮ ಯಾರನ್ನೂ ನೋಡದೆ ವಿರೂಪಮ್ಮನಿಗೆ ಹೇಳಿದಳು.

"ಇಲ್ಲೇ ಕುಂದ್ರು. ಎಲ್ಲೂ ಹೋಗಬ್ಯಾಡ."

ವಿರೂಪಮ್ಮ ಬೆಂಚಿನ ಮೇಲೆ ಕೂತಳು.